ಹಳೇ ಪಿಕಪ್ ಗಾಡಿ: ಮೊದಲು ತಳ ನೋಡಿ
(ಸಂಘದ ರಜತ ಮಹೋತ್ಸವದ ನಿಮಿತ್ತ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ನನಗಿಂತ ಮೊದಲು ಮಾತಾಡಿದವರು ಸಂಘ ಇಪ್ಪತ್ತೈದು ವರ್ಷ ನಡೆದು ಬಂದ ದಾರಿಯನ್ನು ಚೆನ್ನಾಗಿ ಹೇಳಿದ್ದಾರೆ. ಅದನ್ನೇ ಮತ್ತೆ ಹೇಳಿ ನಿಮ್ಮ ಊಟದ ಹೊತ್ತನ್ನು ಮುಂದೆ ಹಾಕುವುದಿಲ್ಲ. ನಾನು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಕಸುಬು ಬೇಸಾಯ. ನನಗೆ ಕೊಟ್ಟ ವಿಷಯ 'ಸ್ವಂತ ಉದ್ಯೋಗಕ್ಕೆ ವಾಹನ' ಎಂದು. ಅದನ್ನು ನಾನು ಸ್ವಲ್ಪ ಸಣ್ಣದು ಮಾಡಿಕೊಂಡಿದ್ದೇನೆ. ಹೊಸ ಗಾಡಿ ಬಗ್ಗೆ ಹೇಳಲಿಕ್ಕೆ ಶೋರೂಮಿನವರು ಮನೆ ಬಾಗಿಲಿಗೇ ಬರುತ್ತಾರೆ. ಹಳೇ ಗಾಡಿ ಬಗ್ಗೆ ಹೇಳುವವರು ಎಂದರೆ ಮಾರುವವರು, ಇಲ್ಲಾ ದಲ್ಲಾಳಿಗಳು. ಇಬ್ಬರೂ ಬಾನೆಟ್ ಎತ್ತಿ ಇಂಜಿನ್ ತೋರಿಸುತ್ತಾರೆ. ಕೆಳಗೆ ಬಗ್ಗಿ ನೋಡಿ ಎಂದು ಯಾರೂ ಹೇಳುವುದಿಲ್ಲ. ಆದ್ದರಿಂದ ನಾನು ಹೇಳುತ್ತೇನೆ.

ಈ ವಿಷಯ ಯಾಕೆ ಬೇಕಾಯಿತು ಎಂದರೆ, ಈಚಿನ ವರ್ಷಗಳಲ್ಲಿ ನಮ್ಮ ಸಂಘಕ್ಕೆ ಬರುವ ಸಾಲದ ಅರ್ಜಿಗಳಲ್ಲಿ ಸೆಕೆಂಡ್ ಹ್ಯಾಂಡ್ ಪಿಕಪ್ಪಿಗೆ ಎನ್ನುವವು ಒಂದರ ಹಿಂದೆ ಒಂದು ಬರುತ್ತಿವೆ. ಅರ್ಜಿ ಕೊಡುವವರು ಹೆಚ್ಚಿನವರು ಇಪ್ಪತ್ತೈದು ಮೂವತ್ತರ ಹುಡುಗರು. ಬಂದರಿನಲ್ಲಿ ಮೀನು ಇಳಿಯುತ್ತದೆ, ಐಸ್ ಬೇಕು, ಬಲೆ ಸಾಗಿಸಬೇಕು, ದುಡಿಮೆಗೆ ದಾರಿ ಇದೆ. ತಪ್ಪೇನೂ ಇಲ್ಲ. ಆದರೆ ಅಂಥ ಒಬ್ಬ ಹುಡುಗ ತಾಯಿಯ ಬಂಗಾರವನ್ನು ನಮ್ಮಲ್ಲೇ ಅಡವಿಟ್ಟು, ಥಳಥಳ ಹೊಳೆಯುವ ಒಂದು ಹಳೇ ಗಾಡಿ ತಂದ. ಐದನೇ ತಿಂಗಳಿಗೆ ಬಿಣಗಾದ ಹತ್ತಿರ, ಐಸು ಮೀನು ತುಂಬಿಕೊಂಡು ಹೋಗುವಾಗ, ಹಿಂದಿನ ಚಕ್ರದ ಮೇಲಿನ ಚಾಸಿ ತುಂಡಾಗಿ ಗಾಡಿ ನಡು ಮುರಿದ ಎಮ್ಮೆ ಹಾಗೆ ಕೂತುಬಿಟ್ಟಿತು. ದೇವರ ದಯೆ, ಜನಕ್ಕೆ ಏನೂ ಆಗಲಿಲ್ಲ. ಎರಡು ಸಲ ವೆಲ್ಡಿಂಗ್ ಮಾಡಿಸಿದ, ಎರಡು ಸಲವೂ ಪಕ್ಕದಲ್ಲೇ ಬಿರಿಯಿತು. ಕೊನೆಗೆ ಗುಜರಿಗೆ ಕಿಲೋ ಲೆಕ್ಕದಲ್ಲಿ ಹೋಯಿತು. ಬಂಗಾರದ ಮೇಲಿನ ಬಡ್ಡಿ ಮಾತ್ರ ನಿಲ್ಲಲಿಲ್ಲ. ಹರಾಜಿನ ನೋಟೀಸಿಗೆ ಠರಾವು ಮಾಡಿದ ಸಭೆಯಲ್ಲಿ ನಾನೂ ಕೂತಿದ್ದೆ. ಆ ತಾಯಿ ಆಫೀಸಿಗೆ ಬಂದು ಏನೂ ಮಾತಾಡದೆ ಬೆಂಚಿನ ಮೇಲೆ ಕೂತು ಹೋದರು. ಮುಂದೆ ಹುಡುಗನ ಸೋದರಮಾವ ಹಣ ಕಟ್ಟಿ ಬಿಡಿಸಿಕೊಂಡರು, ಅದು ಬೇರೆ ಮಾತು.

ನಮ್ಮ ಕರಾವಳಿಯಲ್ಲಿ ಹಳೇ ಗಾಡಿ ಸಾಯುವುದು ಇಂಜಿನ್‌ನಿಂದ ಅಲ್ಲ, ತಳದಿಂದ. ಗಜನಿ ಗದ್ದೆ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆಯಲ್ಲಿ ಏಡಿ ತೂತು ಮಾಡಿ ಉಪ್ಪುನೀರು ಒಳಗೆ ಬಂದರೆ ಮೇಲೆ ನಾಲ್ಕು ದಿನ ಹಸಿರೇ ಕಾಣುತ್ತದೆ, ಬೇರು ಆಗಲೇ ಹೋಗಿರುತ್ತದೆ. ಮೀನಿನ ಗಾಡಿಯೂ ಹಾಗೇ. ಐಸು ಕರಗಿದ ಉಪ್ಪುನೀರು ಬಾಡಿಯ ಸಂದಿಯಿಂದ ಇಳಿದು ನೇರ ಚಾಸಿ ಮೇಲೆ ಬೀಳುತ್ತದೆ. ಚಾಸಿ ಒಳಗೆ ಟೊಳ್ಳಿರುವ ಕಡೆ ಕೆಸರು ಕೂತು ಆ ನೀರನ್ನು ಹಿಡಿದಿಡುತ್ತದೆ. ಕಬ್ಬಿಣ ಒಳಗಿನಿಂದ ಹೊರಗೆ ತಿಂದು ಬರುತ್ತದೆ. ಹೊರಗೆ ಕಪ್ಪು ಬಣ್ಣ, ಒಳಗೆ ಹಪ್ಪಳ. ಹೆಚ್ಚು ತಿನ್ನುವುದು ಹಿಂದಿನ ಕಮಾನು ಪಟ್ಟಿ ಚಾಸಿಗೆ ಸೇರುವ ಜಾಗದಲ್ಲಿ, ಅಂದರೆ ಹೊರೆ ಕೂರುವ ಜಾಗದಲ್ಲೇ.

ಇನ್ನು ನಾನು ಕೊಂಡ ಗಾಡಿ ಕಥೆ. ಮೊದಲು ನಾನು ಕಾಯಿ, ತರಕಾರಿಯನ್ನು ಕಾರವಾರದ ಭಾನುವಾರದ ಸಂತೆಗೆ ಬಾಡಿಗೆ ಟೆಂಪೋದಲ್ಲಿ ತರುತ್ತಿದ್ದೆ. ಮಾಲು ಕಡಿಮೆ ಇದ್ದ ವಾರ ಬಾಡಿಗೆಯೇ ಲಾಭ ತಿನ್ನುತ್ತಿತ್ತು. 2019ನೇ ಇಸವಿ ಜೂನ್‌ನಲ್ಲಿ ಗಾಡಿ ನೋಡಲು ಹೊರಟೆ. ಜೂನ್ ಯಾಕೆಂದರೆ, ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಾಡಿಗೆ ಇಲ್ಲದೆ ಗಾಡಿಗಳು ನಿಂತಿರುತ್ತವೆ, ಮಾರುವವರ ಬಾಯಲ್ಲಿ ಬೆಲೆ ಇಳಿದಿರುತ್ತದೆ. ಮೇಲಿಂದ ಮಳೆ, ಕ್ಯಾಬಿನ್ ಎಲ್ಲಿ ಸೋರುತ್ತದೆ ಎಂದು ಕೇಳಬೇಕಾಗಿಯೇ ಇಲ್ಲ. ಜೊತೆಗೆ ಅಂಕೋಲೆ ಕಡೆಯ ಒಬ್ಬ ಹಿರಿಯ ಮಿಸ್ತ್ರಿಯನ್ನು ದಿನದ ಪಗಾರ ಕೊಟ್ಟು ಕರೆದುಕೊಂಡು ಹೋದೆ. ಆ ಪಗಾರಕ್ಕೆ ಹಿಂದೆ ಮುಂದೆ ನೋಡಬೇಡಿ.

ಮೊದಲನೇ ಗಾಡಿ ಸಮುದ್ರದ ದಂಡೆಯದೇ. ಹೊಸ ಬಣ್ಣ, ಹೊಸ ಸೀಟು ಕವರು, ತಳಕ್ಕೆಲ್ಲ ಆಗತಾನೆ ಬಳಿದ ಡಾಂಬರಿನಂಥ ಕಪ್ಪು. ಮಿಸ್ತ್ರಿ ಚೀಲದಿಂದ ಸಣ್ಣ ಸುತ್ತಿಗೆ ತೆಗೆದು ಗಾಡಿ ಕೆಳಗೆ ಮಲಗಿದರು. ಒಳ್ಳೆಯ ಕಬ್ಬಿಣ ಬಡಿದರೆ ಠಣ್ ಎನ್ನುತ್ತದೆ. ಮುಂದುಗಡೆ ಠಣ್ ಠಣ್ ಎಂದದ್ದು ಹಿಂದೆ ಹೋದ ಹಾಗೆ ದಬ್ ದಬ್ ಎಂದಿತು. ಒಂದು ಕಡೆ ಸುತ್ತಿಗೆ ಮೂತಿ ಒಳಗೇ ಹೋಯಿತು. ಮಾರುವವರ ಮುಖ ಸಣ್ಣದಾಯಿತು. "ತಮ್ಮಾ, ಏಳು, ಚಾ ಕುಡಿಯೋಣ" ಎಂದರು ಮಿಸ್ತ್ರಿ. ಅಷ್ಟೇ. ಬಾಗಿಲಿನ ಕೆಳಗೆ ಒಂದು ಅಯಸ್ಕಾಂತವನ್ನೂ ಇಟ್ಟು ನೋಡಿದ್ದೆವು, ಹಿಡಿಯಲಿಲ್ಲ. ಅಲ್ಲಿ ತಗಡೇ ಇರಲಿಲ್ಲ, ಇದ್ದದ್ದು ಪುಟ್ಟಿ.

ಎರಡನೆಯದು ಗೋವಾದ ನಂಬರಿನದು. ತಳ ಪರವಾಗಿಲ್ಲ, ಬೆಲೆಯೂ ಅಗ್ಗ. ಆರ್.ಸಿ.ಯಲ್ಲಿ ಸಾಲದ ಹೆಸರು ಇನ್ನೂ ಹಾಗೇ ಇತ್ತು. "ಸಾಲ ತೀರಿದೆ, ಪತ್ರ ಆಮೇಲೆ ಕೊಡುತ್ತೇನೆ" ಎಂದರು. ಆಮೇಲೆ ಎನ್ನುವ ಪತ್ರ ಬಂದದ್ದನ್ನು ನಾನು ಕಂಡಿಲ್ಲ. ಬಿಟ್ಟೆವು.

ಮೂರನೆಯದು ಘಟ್ಟದ ಮೇಲೆ, ಯಲ್ಲಾಪುರದ ಕಡೆ ಸಿಕ್ಕಿತು. 2009ರ ಮಾಡೆಲ್ ಮಹೀಂದ್ರ ಪಿಕಪ್. ಅಡಿಕೆ, ಹುಲ್ಲು, ಗೊಬ್ಬರ ಹೊತ್ತ ಗಾಡಿ. ನೋಡಿದರೆ ಯಾರಿಗೂ ಬೇಡ ಎನಿಸಬೇಕು. ಎಡಗಡೆ ಬಾಗಿಲು ನಜ್ಜು, ಸೀಟಿನಲ್ಲಿ ಇಲಿ ಗೂಡು, ಹೊಗೆ ನೀಲಿ. ಆದರೆ ಸುತ್ತಿಗೆ ಮುಂದಿನಿಂದ ಹಿಂದಿನವರೆಗೆ ಒಂದೇ ದನಿ ಹೇಳಿತು. ಚಾಸಿ ನಂಬರು ಕನ್ನಡಿಯಂತೆ ಓದಲಿಕ್ಕೆ ಬರುತ್ತಿತ್ತು. ಈ ನಂಬರಿನ ಮಾತು ಮರೆಯಬೇಡಿ. ಎಫ್.ಸಿ. ಮಾಡುವಾಗ ಅದರ ಪೆನ್ಸಿಲ್ ಪ್ರಿಂಟ್ ತೆಗೆಯಬೇಕಾಗುತ್ತದೆ. ತುಕ್ಕು ಅಂಕೆಯನ್ನು ತಿಂದಿದ್ದರೆ ಗಾಡಿ ನಿಮ್ಮದೇ ಎಂದು ತೋರಿಸುವುದೇ ಕಷ್ಟ. 1,40,000 ರೂಪಾಯಿಗೆ ಮಾತು ಮುಗಿಯಿತು.

ಇಂಜಿನ್ ನೋಡುವುದು ಬೇಡ ಎಂದು ನನ್ನ ಮಾತಿನ ಅರ್ಥ ಅಲ್ಲ. ನೋಡಲು ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಡಿ. ಬಿಸಿ ಇದ್ದರೆ ನೀವು ಬರುವ ಮುಂಚೆ ಯಾರೋ ಚಾಲೂ ಮಾಡಿಟ್ಟಿದ್ದಾರೆ ಎಂದರ್ಥ, ತಣ್ಣಗಾಗುವ ತನಕ ಕಾಯಿರಿ. ತಣ್ಣಗಿದ್ದಾಗ ಸ್ಟಾರ್ಟ್ ಆಗುವ ರೀತಿಯೇ ಅರ್ಧ ಹೇಳುತ್ತದೆ. ಹೊಗೆ ಕಪ್ಪಾದರೆ ಡೀಸೆಲ್ ಸರಿಯಾಗಿ ಉರಿಯುತ್ತಿಲ್ಲ, ಏರ್ ಫಿಲ್ಟರ್ ಕಟ್ಟಿದ್ದರೂ ಹಾಗಾಗುತ್ತದೆ, ಖರ್ಚು ಕಡಿಮೆ. ನೀಲಿಯಾದರೆ ಆಯಿಲ್ ಸುಡುತ್ತಿದೆ, ರಿಂಗು ಸವೆದಿರಬಹುದು. ಇಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಹೋಗುತ್ತಿದೆಯೋ ಎಂದು ಸಂಶಯ ಪಡಿ. ಆಯಿಲ್ ಮುಚ್ಚಳದ ಒಳಗೆ ಹಾಲು ಚಾ ಬಣ್ಣದ ಜಿಡ್ಡು ಕಂಡರೆ ಆ ಸಂಶಯ ಗಟ್ಟಿ. ಇವೆಲ್ಲಕ್ಕೂ ಮದ್ದು ಇದೆ. ಇಂಜಿನ್ ಬಿಚ್ಚಬಹುದು, ಬದಲಿಸಲೂಬಹುದು. ತಿಂದು ಹೋದ ಚಾಸಿಗೆ ಪಟ್ಟಿ ಹಚ್ಚಿದರೆ ವೆಲ್ಡಿಂಗ್ ಹಿಡಿಯಲು ಗಟ್ಟಿ ಕಬ್ಬಿಣವೇ ಇರುವುದಿಲ್ಲ.

ಇನ್ನೊಂದು. 2019ರ ಆಗಸ್ಟ್‌ನಲ್ಲಿ ಕಾಳಿ ನದಿಯ ನೆರೆ ನಮಗೆಲ್ಲ ನೆನಪಿದೆ. ಯಾವ ಊರಿನ ನೆರೆಯೇ ಆಗಲಿ, ಮುಳುಗಿದ ಗಾಡಿಗಳು ಕೆಲವು ತಿಂಗಳ ನಂತರ ತೊಳೆದುಕೊಂಡು ಪೇಟೆಗೆ ಬರುತ್ತವೆ. ಸೀಟಿನ ಕೆಳಗೆ, ಹೆಡ್‌ಲೈಟಿನ ಒಳಗೆ, ಮ್ಯಾಟ್ ಅಡಿಯಲ್ಲಿ ಸಣ್ಣ ಕೆಸರು ಕೂತಿದೆಯೋ ನೋಡಿ.

ರಿಪೇರಿ ಲೆಕ್ಕವನ್ನು ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಇಂಜಿನ್ ರಿಂಗು, ಬೇರಿಂಗು, ಹೆಡ್ ಕೆಲಸ ಸೇರಿ 38,000. ಕ್ಲಚ್ 6,500. ಬ್ರೇಕಿನ ಕಬ್ಬಿಣದ ಪೈಪು ಅಷ್ಟೂ ಹೊಸದು, ವೀಲ್ ಸಿಲಿಂಡರು, ಲೈನರು 8,200. ಬಾಡಿ ತಗಡು, ಬಾಗಿಲು 14,000. ತಳದ ಕೆಲಸ 4,500. ಬ್ಯಾಟರಿ 5,500, ಎರಡು ಟಯರು 9,000. ಒಟ್ಟು 85,700. ವಿಮೆ, ಎಫ್.ಸಿ., ಹೆಸರು ವರ್ಗಾವಣೆಗೆ ಮತ್ತೆ 23,000. ಗಾಡಿಯ ಬೆಲೆ ಸೇರಿ 2,48,700 ಆಯಿತು. ಒಂದೂ ನಲವತ್ತಕ್ಕೆ ಗಾಡಿ ತಂದ ಎಂದು ಊರಲ್ಲಿ ಹೇಳುತ್ತಾರೆ, ಅದು ಪೂರ್ತಿ ಲೆಕ್ಕ ಅಲ್ಲ. ಸಾಲ ಕೇಳುವ ಹುಡುಗರು ಅರ್ಜಿಯಲ್ಲಿ ಗಾಡಿಯ ಬೆಲೆ ಮಾತ್ರ ಬರೆಯುತ್ತಾರೆ. ನನ್ನ ಗಾಡಿಗೆ ಆ ಬೆಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಮತ್ತೆ ಬಿತ್ತು. ಅದು ಕೈಯಲ್ಲಿ ಇಲ್ಲದಿದ್ದರೆ ಬಿಚ್ಚಿದ ಇಂಜಿನ್ ಗ್ಯಾರೇಜಿನಲ್ಲೇ ಉಳಿಯುತ್ತದೆ, ಕಂತು ಮಾತ್ರ ಓಡುತ್ತಿರುತ್ತದೆ.

ಬ್ರೇಕ್ ಪೈಪಿಗೆ ಯಾಕೆ ಅಷ್ಟು ಎಂದು ಕೇಳಿದವರಿದ್ದಾರೆ. ಆ ಪೈಪು ಬೆರಳಿಗಿಂತ ಸಪೂರ, ಚಾಸಿಗೆ ಅಂಟಿಕೊಂಡೇ ಹೋಗುತ್ತದೆ. ಉಪ್ಪು ಅದನ್ನೂ ತಿನ್ನುತ್ತದೆ. ಅರಬೈಲ್ ಘಟ್ಟ ಇಳಿಯುವಾಗ ಅದು ಒಡೆದರೆ ಕಾಲಿನ ಕೆಳಗಿನ ಪೆಡಲು ಸುಮ್ಮನೆ ನೆಲಕ್ಕೆ ಹೋಗುತ್ತದೆ. ಬಣ್ಣಕ್ಕೆ ಇಡುವ ದುಡ್ಡು ಮೊದಲು ಇಲ್ಲಿಗೆ ಹಾಕಿ.

ತಳದ ಕೆಲಸ ಎಂದರೆ ಡಬ್ಬಿ ತಂದು ಬಳಿಯುವುದಲ್ಲ. ಮೊದಲು ಸಿಹಿನೀರಿನಲ್ಲಿ ತೊಳೆಯಬೇಕು. ನಮ್ಮಲ್ಲಿ ಕೆಲವು ಬಾವಿಗಳ ನೀರೇ ಬೇಸಿಗೆಯಲ್ಲಿ ಉಪ್ಪಾಗುತ್ತದೆ, ಅದು ನಡೆಯುವುದಿಲ್ಲ. ಪೂರ್ತಿ ಒಣಗಿಸಿ, ತಂತಿ ಬ್ರಷ್‌ನಲ್ಲಿ ತುಕ್ಕು ಉಜ್ಜಿ ತೆಗೆದು, ರೆಡ್ ಆಕ್ಸೈಡ್ ಹಚ್ಚಿ, ಆಮೇಲೆ ಕಪ್ಪು ಬಣ್ಣ. ಹಸಿ ತುಕ್ಕಿನ ಮೇಲೆ ಬಳಿದರೆ ರೋಗವನ್ನು ಒಳಗೆ ಮುಚ್ಚಿದ ಹಾಗೆ. ಚಾಸಿಯಲ್ಲಿ ನೀರು ಇಳಿಯಲು ಕಂಪನಿಯವರೇ ಬಿಟ್ಟ ತೂತುಗಳನ್ನು ಮುಚ್ಚಬಾರದು. ಸುಟ್ಟ ಆಯಿಲ್ ಹೊಡೆಯುವ ಪದ್ಧತಿ ನಮ್ಮಲ್ಲಿದೆ. ಕಬ್ಬಿಣಕ್ಕೆ ಸ್ವಲ್ಪ ರಕ್ಷಣೆ ಇರಬಹುದು, ಆದರೆ ರಬ್ಬರ್ ಬುಷ್, ಬ್ರೇಕ್ ಹೋಸು ಅದರಿಂದ ಉಬ್ಬಿ ಹಾಳಾಗುತ್ತವೆ, ಮಳೆಗೆ ತೊಳೆದು ಗದ್ದೆಗೂ ಬಾವಿಗೂ ಸೇರುತ್ತದೆ. ನಾನು ಹೊಡೆಸಲಿಲ್ಲ.

ಮೀನು ಹೊರುವವರು ಬಾಡಿಗೆ ಸಂದಿ ಇಲ್ಲದ ತಗಡು ಹಾಕಿಸಿ, ನೀರು ಒಂದೇ ಪೈಪಿನಿಂದ ಕ್ಯಾನಿಗೆ ಇಳಿಯುವ ಹಾಗೆ ಮಾಡಿಸಿ. ಚಾಸಿ ಉಳಿಯುತ್ತದೆ. ರಸ್ತೆ ಮೇಲೆ ಮೀನಿನ ನೀರು ಚೆಲ್ಲಿ ಹಿಂದೆ ಬರುವ ಬೈಕಿನವರು ಜಾರಿ ಬೀಳುವುದೂ ತಪ್ಪುತ್ತದೆ. ಬೀಳುವವರು ನಮ್ಮ ಮನೆಯ ಮಕ್ಕಳೇ.

ಕಾಗದ ಪತ್ರದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30, ಸಾಲ ತೀರಿದ್ದಕ್ಕೆ ಫಾರಂ 35, ಗೋವಾದಿಂದ ತಂದರೆ ಅಲ್ಲಿನ ಎನ್.ಓ.ಸಿ. ಮಾರುವವರೂ ಕೇಳಿ: 2018ರಲ್ಲಿ ಸುಪ್ರೀಂ ಕೋರ್ಟು, ಆರ್.ಸಿ.ಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದೇ ಎಂದಿದೆ. ಸ್ಟಾಂಪ್ ಪೇಪರಿನಲ್ಲಿ ಬರೆದುಕೊಟ್ಟು ಕೈ ತೊಳೆದರೆ ಆಗುವುದಿಲ್ಲ. ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಎಫ್.ಸಿ. ಆಗಬೇಕು. 15 ವರ್ಷ ದಾಟಿದವಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ ಬಹಳ ಏರಿತು, ಎಫ್.ಸಿ. ಮುಗಿದ ಮೇಲೆ ತಡವಾದ ದಿನಕ್ಕೆ 50 ರೂಪಾಯಿಯಂತೆ ಹೆಚ್ಚುವರಿಯೂ ಬಂತು. ಅಂಗಳದಲ್ಲಿ ಎರಡು ವರ್ಷ ನಿಂತ ಗಾಡಿ ಅಗ್ಗ ಎಂದು ತರುವ ಮುಂಚೆ ಕಾರವಾರದ ಆರ್.ಟಿ.ಓ. ಆಫೀಸಿನಲ್ಲಿ ಈಗಿನ ದರ ಕೇಳಿ, ಕೂಡಿಸಿ ನೋಡಿ. ಲೈಸೆನ್ಸಿನ ವಿಷಯದಲ್ಲಿ ಮಾತ್ರ ಒಳ್ಳೆಯ ಸುದ್ದಿ. 7,500 ಕಿಲೋವರೆಗಿನ ಸರಕು ಗಾಡಿಯನ್ನು ಲಘು ವಾಹನದ ಲೈಸೆನ್ಸಿನಲ್ಲೇ ಓಡಿಸಬಹುದು ಎಂದು 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠ ಎತ್ತಿ ಹಿಡಿದಿದೆ.

ಹಿಂದೆ ಜನ ತುಂಬುವುದು ಮಾತ್ರ ಬೇಡ. ಮದುವೆ ದಿಬ್ಬಣ ಇರಲಿ, ಜಾತ್ರೆ ಇರಲಿ, ನಾಟಿ ಆಳು ಇರಲಿ. 2025ರ ಜನವರಿ 22ರ ಬೆಳಗಿನ ಜಾವ ಸವಣೂರಿನಿಂದ ಕುಮಟೆಯ ಸಂತೆಗೆ ತರಕಾರಿ ಹೇರಿಕೊಂಡು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನಲ್ಲಿ ಉರುಳಿ, ಮಾಲಿನ ಜೊತೆ ಕೂತಿದ್ದ 10 ಜನ ತೀರಿಕೊಂಡರು. ನಮ್ಮ ಹಾಗೆ ಸಂತೆ ನಂಬಿ ಬದುಕುವ ಜನ.

ನನ್ನ ಗಾಡಿ ಆ ವರ್ಷ ಚೌತಿಗೆ ನಾಲ್ಕು ದಿನ ಮುಂಚೆ ರಸ್ತೆಗೆ ಇಳಿಯಿತು. ಮೊದಲ ಹೊರೆ ಕಾಯಿ, ಸೌತೆ, ಬಾಳೆಗೊನೆ. ಎಡಗಡೆ ಬಾಗಿಲು ಇವತ್ತಿಗೂ ಎರಡು ಸಲ ಎಳೆಯದೆ ಹಾಕುವುದಿಲ್ಲ, ಹೆಂಡತಿಗೆ ಅದೊಂದು ಬೇಜಾರು. ಈಗ ಅದಕ್ಕೂ 15 ದಾಟಿದೆ. ಪ್ರತಿ ಎಫ್.ಸಿ.ಗೆ ಮುಂಚೆ ಮಿಸ್ತ್ರಿ ಬಂದು ಸುತ್ತಿಗೆ ಬಡಿದು ನೋಡುತ್ತಾರೆ. ದಬ್ ಎಂದ ದಿನ ಮಾರುವುದಿಲ್ಲ, ಗುಜರಿಗೇ ಹಾಕುತ್ತೇನೆ.

ಕೊನೆಗೆ ಆಡಳಿತ ಮಂಡಳಿಯ ಮುಂದೆ ನಾನು ಇಟ್ಟ ಸೂಚನೆ. ಹಳೇ ಗಾಡಿಗೆ ಸಾಲ ಮಂಜೂರು ಮಾಡುವ ಮೊದಲು ಗಾಡಿಯನ್ನು ಗ್ಯಾರೇಜಿನ ಗುಂಡಿಯ ಮೇಲೆ ನಿಲ್ಲಿಸಿ, ಮಾರುವವರಿಗೂ ದಲ್ಲಾಳಿಗೂ ಸಂಬಂಧವಿಲ್ಲದ ಒಬ್ಬ ಮಿಸ್ತ್ರಿಯಿಂದ ತಳ ನೋಡಿಸಿ ಬರೆಸಿಕೊಳ್ಳಬೇಕು. ರಿಪೇರಿ ಖರ್ಚನ್ನೂ ಅರ್ಜಿಯಲ್ಲೇ ಬರೆಸಬೇಕು. ಕೆಲವು ಮಿತ್ರರು ಇದರಿಂದ ಸಾಲ ತಡವಾಗುತ್ತದೆ ಎಂದರು. ಒಂದು ವಾರ ತಡ ಆಗಬಹುದು. ಮಹಾಸಭೆಯಲ್ಲಿ ನೀವು ಇದರ ಬಗ್ಗೆ ಮಾತಾಡಿ, ಬೇಕೋ ಬೇಡವೋ ಹೇಳಿ. ಅಲ್ಲಿಯವರೆಗೆ ಯಾರಾದರೂ ಗಾಡಿ ನೋಡಲು ಹೊರಟರೆ ನನ್ನನ್ನು ಕರೆಯಿರಿ, ಸಂತೆ ಇರುವ ಭಾನುವಾರ ಒಂದು ಬಿಟ್ಟು. ಮಿಸ್ತ್ರಿ ಹತ್ತಿರ ಕೇಳಿ ಅಂಥದೇ ಒಂದು ಸುತ್ತಿಗೆ ನಾನೂ ತಂದಿಟ್ಟುಕೊಂಡಿದ್ದೇನೆ.