ದುರ್ಬೀನಿನ ಎರಡು ಕಣ್ಣು

ಹಾವೇರಿಯಿಂದ ಬ್ಯಾಡಗಿಯ ಮೇಲೆ ರಾಣೆಬೆನ್ನೂರಿಗೆ ರೈಲಿನಲ್ಲಿ ಹೋಗುವವರಿಗೆ ಈ ಸೀಮೆ ಎಷ್ಟು ಬಯಲಾದುದೆಂಬುದು ಕಿಟಕಿಯಿಂದಲೇ ತಿಳಿಯುತ್ತದೆ. ಮರೆಯಿಲ್ಲದ ಇಂಥ ನೆಲದಲ್ಲಿ ನಾವು ಪ್ರಾಣಿಯನ್ನು ಕಾಣುವುದಕ್ಕೆ ಮೊದಲೇ ಪ್ರಾಣಿ ನಮ್ಮನ್ನು ಕಂಡಿರುತ್ತದೆ. ರಾಣೆಬೆನ್ನೂರಿನ ಬಳಿ 1974ರಲ್ಲಿ 119 ಚದರ ಕಿಲೋಮೀಟರು ನೆಲವನ್ನು ಕೃಷ್ಣಮೃಗಗಳ ಅಭಯಾರಣ್ಯವೆಂದು ಘೋಷಿಸಲಾಯಿತು. ನೀಲಗಿರಿ ತೋಪುಗಳ ನಡುವಣ ಹುಲ್ಲುಬಯಲಿನಲ್ಲಿ ಚಿಗರಿಯ ಹಿಂಡನ್ನು ನೋಡಬಯಸುವವರಿಗೆ ದುರ್ಬೀನು ಬೇಕೇ ಬೇಕು. ಒಂದು ಕಾಲಕ್ಕೆ ಇಲ್ಲಿ ಎರೆಭೂತ ಹಕ್ಕಿಯೂ ಕಾಣುತ್ತಿತ್ತು.

ಬ್ಯಾಡಗಿಯಲ್ಲಿ ನನಗೆ ಪರಿಚಿತರಾದ ನಿವೃತ್ತ ಶಿಕ್ಷಕರೊಬ್ಬರಿದ್ದಾರೆ. ಈ ಬಯಲಿನ ಹಕ್ಕಿಗಳ ಬಗ್ಗೆ ಹಲವು ನೋಟ್‌ಬುಕ್ಕುಗಳನ್ನು ತುಂಬಿಸಿದವರು. ಒಂದು ವರ್ಷ ಅವರು ಬರೆಯುವುದನ್ನೇ ನಿಲ್ಲಿಸಿದರು. “ಕಣ್ಣು ಸೋತಾವ್ರೀ, ಹತ್ತು ಮಿನಿಟ್ ನೋಡಿದ್ರ ತಲಿ ಸಿಡೀತೈತಿ” ಎಂದರು. ಕಣ್ಣಿನ ವೈದ್ಯರು ಯಾವ ದೋಷವನ್ನೂ ಕಂಡಿರಲಿಲ್ಲ. ವಿಚಾರಿಸಲಾಗಿ, ದುರ್ಬೀನು ಸೈಕಲ್ಲಿನಿಂದ ಒಮ್ಮೆ ಬಿದ್ದಿತ್ತೆಂಬುದು ಹೊರಬಿತ್ತು. ಗಾಜು ಒಡೆದಿರಲಿಲ್ಲವಾದ್ದರಿಂದ ಅವರು ಅದನ್ನು ಮರೆತೇಬಿಟ್ಟಿದ್ದರು.

ದುರ್ಬೀನೆಂದರೆ ಕೀಲಿನಿಂದ ಕೂಡಿಸಿದ ಎರಡು ದೂರದರ್ಶಕಗಳು. ಮುಂದಿನ ಮಸೂರ ಮೂಡಿಸುವ ಬಿಂಬ ತಲೆಕೆಳಗಾಗಿರುತ್ತದೆ, ಎಡಬಲಗಳೂ ಅದಲುಬದಲಾಗಿರುತ್ತವೆ. ಅದನ್ನು ನೆಟ್ಟಗೆ ಮಾಡಲು ಪ್ರತಿ ಕೊಳವೆಯೊಳಗೆ ಎರಡು ಗಾಜಿನ ಪಟ್ಟಕಗಳನ್ನು ಒಂದಕ್ಕೊಂದು ಅಡ್ಡಲಾಗಿ ಕೂಡಿಸಿರುತ್ತಾರೆ. ಇಟಲಿಯ ಇಗ್ನಾಜಿಯೊ ಪೋರೊ 1854ರಲ್ಲಿ ಈ ಏರ್ಪಾಡಿಗೆ ಹಕ್ಕುಪತ್ರ ಪಡೆದನು. ಜರ್ಮನಿಯ ಯೇನಾದಲ್ಲಿ ಅರ್ನ್ಸ್ಟ್ ಆಬೆಯ ಪ್ರಯತ್ನದಿಂದ ಜೈಸ್ ಕಾರ್ಖಾನೆ 1894ರಲ್ಲಿ ಅಂಥ ದುರ್ಬೀನನ್ನು ಮಾರಾಟಕ್ಕೆ ತಂದಿತು. ಬಿದ್ದ ಏಟಿಗೆ ಪಟ್ಟಕವೊಂದು ಕೂದಲೆಳೆಯಷ್ಟು ಜರುಗಿದರೂ ಸಾಕು, ಎರಡು ಕೊಳವೆಗಳು ಬೇರೆ ಬೇರೆ ದಿಕ್ಕಿಗೆ ನೋಡತೊಡಗುತ್ತವೆ. ನೊಗಕ್ಕೆ ಕಟ್ಟಿದ ಎರಡು ಎತ್ತು ಎರಡು ಸಾಲು ಹಿಡಿದಂತೆ.

ವಿಚಿತ್ರವೆಂದರೆ, ಇಂಥ ದುರ್ಬೀನು ಎಲ್ಲ ವೇಳೆಯಲ್ಲೂ ಎರಡೆರಡು ಚಿಗರಿಗಳನ್ನು ತೋರಿಸುವುದಿಲ್ಲ. ದೋಷ ಅಲ್ಪವಾಗಿದ್ದರೆ ಕಣ್ಣುಗಳೇ ಶ್ರಮಿಸಿ ಎರಡು ಬಿಂಬಗಳನ್ನು ಒಂದಾಗಿಸಿಬಿಡುತ್ತವೆ. ಹತ್ತಿರದ್ದನ್ನು ಓದುವಾಗ ಒಳಮುಖವಾಗಿ ತಿರುಗುವುದು ಕಣ್ಣಿಗೆ ರೂಢಿ. ಹೊರಮುಖವಾಗಿ ತಿರುಗುವುದು ಬಹು ಕಷ್ಟ. ಒಂದು ಮೇಲೆ ಒಂದು ಕೆಳಗೆ ನೋಡುವುದಂತೂ ಅದಕ್ಕಿಂತ ಕಷ್ಟ. ನೋಡುವವನಿಗೆ ದೃಶ್ಯ ಸರಿಯಾಗಿಯೇ ಕಾಣುತ್ತದೆ. ತಲೆನೋವು ಮಾತ್ರ ಉಳಿಯುತ್ತದೆ. ಆ ಹಿರಿಯರು ವಯಸ್ಸನ್ನು ಶಪಿಸಿದುದರಲ್ಲಿ ಆಶ್ಚರ್ಯವೇನಿಲ್ಲ.

ಪರೀಕ್ಷೆ ಮಾತ್ರ ಸುಲಭ. ದುರ್ಬೀನನ್ನು ಗಟ್ಟಿಯಾದ ಕಟ್ಟೆಯ ಮೇಲಿಟ್ಟು, ಬಹುದೂರದ ಮಾಳಿಗೆಯ ಅಡ್ಡಗೆರೆಯೊಂದಕ್ಕೆ ಗುರಿಯಿಟ್ಟು, ನಮ್ಮ ಮುಖವನ್ನು ಒಂದು ಗೇಣಿನಷ್ಟು ಹಿಂದಕ್ಕೆಳೆಯಬೇಕು. ಆಗ ಎರಡು ಬೆಳಕಿನ ಬಿಲ್ಲೆಗಳು ಬೇರೆಯಾಗಿ ಕಾಣುತ್ತವೆ. ಅವನ್ನು ಒಂದಾಗಿಸುವ ಕೆಲಸದಿಂದ ಕಣ್ಣು ಬಿಡುಗಡೆ ಪಡೆಯುತ್ತದೆ. ಒಂದರಲ್ಲಿ ಗೆರೆ ಮೇಲಿದ್ದು ಇನ್ನೊಂದರಲ್ಲಿ ಕೆಳಗಿದ್ದರೆ ದೋಷ ಖಚಿತ. ಗೆರೆ ಓರೆಯಾಗಿದ್ದರೆ ಪಟ್ಟಕಗಳ ನಡುವಿನ ಲಂಬಕೋನ ಕೆಟ್ಟಿದೆಯೆಂದು ಅರ್ಥ. ಪಟ್ಟಕ ಒಂದು ಅಂಶ ತಿರುಗಿದರೆ ಬಿಂಬ ಎರಡು ಅಂಶ ವಾಲುತ್ತದೆ. ಶಿಕ್ಷಕರ ಮನೆಯ ಮಾಳಿಗೆಯ ಮೇಲೆ ನಾವು ಹೀಗೆ ನೋಡಿದಾಗ ಬಲಗಡೆಯ ಗೆರೆ ಸ್ಪಷ್ಟವಾಗಿ ಕೆಳಗಿತ್ತು. ಅವರು ಬಹಳ ಹೊತ್ತು ಮಾತಾಡಲಿಲ್ಲ. (ಸೂರ್ಯನ ಕಡೆಗೆ ದುರ್ಬೀನು ಹಿಡಿಯುವ ಮಾತೇ ಬೇಡ, ಕಣ್ಣೇ ಹೋದೀತು.)

ದುರಸ್ತಿಗೆ ತಾಳ್ಮೆ ಬೇಕು. ಹಲವು ಮಾದರಿಗಳಲ್ಲಿ ಹೊರಗಿನ ತೊಗಲಿನ ಹೊದಿಕೆಯ ಅಂಚನ್ನೆತ್ತಿದರೆ ಪಟ್ಟಕವನ್ನು ಒತ್ತುವ ಪುಟ್ಟ ತಿರುಪುಗಳು ಸಿಕ್ಕುತ್ತವೆ. ಕೆಲವದರಲ್ಲಿ ಮುಂದಿನ ಮಸೂರದ ಸುತ್ತ ಇರುವ ಓರೆ ಬಳೆಗಳನ್ನು ತಿರುಗಿಸಬೇಕಾಗುತ್ತದೆ. ಮೊದಲು ವಾಲಿದ ಬಿಂಬವನ್ನು ನೆಟ್ಟಗೆ ಮಾಡಿ, ಆಮೇಲೆ ಎರಡನ್ನೂ ಕೂಡಿಸಬೇಕು. ತಿರುಪನ್ನು ಒಮ್ಮೆಗೆ ಎಂಟನೆಯ ಒಂದು ಸುತ್ತಿಗಿಂತ ಹೆಚ್ಚು ತಿರುಗಿಸುವುದು ನನಗೆ ಸರಿಕಾಣದು. ಬಿಗಿದರೆ ಗಾಜಿನ ಮೂಲೆ ಸಿಡಿಯುತ್ತದೆ. ಗಡಿಯಾರ ರಿಪೇರಿಯವರ ಕೈ ಇದಕ್ಕೆ ಒಗ್ಗಿದ್ದು. ಬಲಗಡೆಯ ಎರಡು ತಿರುಪುಗಳನ್ನು ಬ್ಯಾಡಗಿಯ ಅಂಥವರೊಬ್ಬರೇ ತಿರುಗಿಸಿದರು; ಒಂದೊಂದು ತಿರುವಿಗೂ ಶಿಕ್ಷಕರು ಗೆರೆಯನ್ನು ನೋಡಿ “ಇನ್ನೊಂಚೂರು” ಎನ್ನುತ್ತಿದ್ದರು.

ಅಷ್ಟಾದ ಮೇಲೂ ಒಂದು ಪರೀಕ್ಷೆ ಉಳಿಯುತ್ತದೆ. ನಡುವಿನ ಕೀಲನ್ನು ಅಗಲಿಸಿ, ಕಿರಿದಾಗಿಸಿ ಮತ್ತೆ ನೋಡಬೇಕು. ಒಂದೇ ಅಗಲಕ್ಕೆ ಗೆರೆಗಳು ಕೂಡಿದರೆ ಆ ದುರ್ಬೀನು ಒಬ್ಬನ ಕಣ್ಣಿಗೆ ಮಾತ್ರ ಹೊಂದಿದೆ; ಪಕ್ಕದಲ್ಲಿರುವ ಮೊಮ್ಮಗನ ಕೈಗೆ ಅದನ್ನು ಕೊಟ್ಟರೆ ತಲೆನೋವು ಅವನಿಗೆ. ಎಲ್ಲ ಅಗಲಕ್ಕೂ ಕೂಡಿಸುವ ಕೆಲಸ ಸಲಕರಣೆಗಳಿರುವ ಕಾರ್ಯಾಗಾರದ್ದು. ಶಿಕ್ಷಕರ ದುರ್ಬೀನು ಸದ್ಯಕ್ಕೆ ಅವರೊಬ್ಬರದೇ. ಅದನ್ನು ಹಿಡಿದು ಅವರು ಮತ್ತೆ ಬಯಲಿಗೆ ಹೋಗುತ್ತಿದ್ದಾರೆ.