ನೂರಕ್ಕೆ ಎಷ್ಟು?



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತಾಡಿ ಎಂದಿದ್ದಾರೆ. ಹೊಗಳಿಕೆಗಿಂತ ಲೆಕ್ಕದ ಮಾತೇ ಒಳ್ಳೇದು ಅಂತ ನಮಗೆ ಕಂಡಿತು. ಸಂಘದ ವಾರ್ಷಿಕ ವರದಿ ತೆರೆದರೆ ಪುಟಪುಟಕ್ಕೂ 'ಶೇಕಡಾ'. ಅದು ತಿಳಿಯದಿದ್ದರೆ ಮಹಾಸಭೆಯಲ್ಲಿ ಕೈ ಎತ್ತಿ, ಚಾ ಕುಡಿದು ಮನೆಗೆ ಹೋಗುವುದಷ್ಟೇ ನಮ್ಮ ಕೆಲಸವಾಗುತ್ತದೆ.

ಇದೇನೂ ಹೊಸ ವಿದ್ಯೆಯಲ್ಲ. ನಮ್ಮ ಹಿರಿಯರು ರೂಪಾಯಿಗೆ 16 ಆಣೆ ಎಣಿಸಿದವರು. 1957ರಲ್ಲಿ ರೂಪಾಯಿಗೆ 100 ಪೈಸೆ ಆಯಿತು. ಆದರೂ ಬೆಳೆಯ ಮಾತಿನಲ್ಲಿ ಆಣೆ ಉಳಿಯಿತು. 'ಹನ್ನೆರಡಾಣೆ ಬೆಳೆ' ಎಂದರೆ 16ರಲ್ಲಿ 12. ಹನ್ನೆರಡನ್ನು 16ರಿಂದ ಭಾಗಿಸಿ 100ರಿಂದ ಗುಣಿಸಿರಿ, ಶೇ. 75.

ಪಾಲಿನ ಲೆಕ್ಕದಲ್ಲಿ ಸ್ವಲ್ಪ ಎಚ್ಚರ ಬೇಕು. ಮೀನು ಮಾರಿದ ಹಣವನ್ನು ದೋಣಿಗೆ 2, ಆಳುಗಳಿಗೆ 3 ಎಂದು ಹಂಚಿದರೆ ದೋಣಿಗೆ ಶೇಕಡಾ ಎಷ್ಟು? ಮೊದಲು ಪಾಲು ಕೂಡಿಸಬೇಕು: 2 ಮತ್ತು 3, ಒಟ್ಟು 5. ದೋಣಿಗೆ ಶೇ. 40, ಆಳುಗಳಿಗೆ ಶೇ. 60. ಸಹಕಾರ ಕಾಯ್ದೆಯಂತೆ ನಿವ್ವಳ ಲಾಭದ ಕನಿಷ್ಠ ಶೇ. 25 ಕಾಯ್ದಿಟ್ಟ ನಿಧಿಗೆ ಹೋಗಬೇಕು. ಅಂದರೆ ನಿಧಿಗೆ 1, ಉಳಿದದ್ದಕ್ಕೆ 3, ಮೂರರಲ್ಲೊಂದಲ್ಲ, ನಾಲ್ಕರಲ್ಲೊಂದು.

ಇನ್ನು ಏರಿಳಿತ. ತೆಂಗಿನಕಾಯಿ 20 ರೂಪಾಯಿಯಿಂದ 25ಕ್ಕೆ ಏರಿತೆನ್ನಿ. ಏರಿದ್ದು 5; ಹಳೇ ದರ 20ರಿಂದ ಭಾಗಿಸಿದರೆ ಶೇ. 25 ಹೆಚ್ಚಳ. ಪುನಃ 25ರಿಂದ 20ಕ್ಕೆ ಬಿದ್ದರೆ? ಅದೇ 5 ರೂಪಾಯಿ, ಆದರೆ ಈಗ ಹಳೇ ದರ 25, ಇಳಿಕೆ ಶೇ. 20. ಯಾವಾಗಲೂ ಹಳೇದರಿಂದಲೇ ಭಾಗಿಸಬೇಕು.

ನಮ್ಮ ರಾಜ್ಯದಲ್ಲಿ ರೈತರ ಬೆಳೆಸಾಲದ ಬಡ್ಡಿ 2006ರಲ್ಲಿ ಶೇ. 4ಕ್ಕೆ, 2008ರಲ್ಲಿ ಶೇ. 3ಕ್ಕೆ ಇಳಿಯಿತು. 'ಒಂದೇ ಒಂದು ಇಳೀತು' ಅನ್ನಬಹುದು. ಆದರೆ ಕಟ್ಟುವ ಬಡ್ಡಿಯಲ್ಲಿ ಕಾಲುಭಾಗ, ಅಂದರೆ ಶೇ. 25 ಉಳಿತಾಯ. ಹೊರಗೆ ಕೈಸಾಲ ತರುವಾಗ 'ನೂರಕ್ಕೆ ಬರೀ ಮೂರು' ಎನ್ನುತ್ತಾರೆ. ಅದು ತಿಂಗಳಿಗೆ! ವರ್ಷಕ್ಕೆ ಶೇ. 36 ಆಯಿತು. ಎರಡೂ 'ಮೂರು', ಆದರೆ ಒಂದು ಇನ್ನೊಂದರ ಹನ್ನೆರಡು ಪಟ್ಟು. ಹೊಲ ಮನೆ ಹೋಗುವುದು ಇಂಥಲ್ಲೇ.

ಕೊನೆಯದಾಗಿ ಸಂಘದ ವಿಚಾರ. ಯಾವುದೋ ಸಂಘದ ಸುಸ್ತಿ ಬಾಕಿ 2 ಲಕ್ಷದಿಂದ 3 ಲಕ್ಷಕ್ಕೆ ಏರಿದರೆ ಶೇ. 50 ಹೆಚ್ಚಳ; ಕೇಳಿದರೆ ಗಾಬರಿ. ಆದರೆ ಒಟ್ಟು ಸಾಲವೂ 20 ಲಕ್ಷದಿಂದ 40 ಲಕ್ಷಕ್ಕೆ ಬೆಳೆದಿದ್ದರೆ, ಬಾಕಿ ಶೇ. 10ರಿಂದ ಶೇ. 7.5ಕ್ಕೆ ಇಳಿದಂತಾಯಿತು. ಎರಡೂ ನಿಜವೇ. ಒಂದನ್ನೇ ಹೇಳಿ ಹೆದರಿಸಬಹುದು, ಇನ್ನೊಂದನ್ನೇ ಹೇಳಿ ಮುಚ್ಚಿಡಲೂಬಹುದು. ಆದ್ದರಿಂದ ಯಾರೇ ಶೇಕಡಾ ಹೇಳಲಿ, 'ಯಾವುದರ ಶೇಕಡಾ?' ಎಂದು ಕೇಳಿರಿ. ಮಹಾಸಭೆಯಲ್ಲಿ ನಿರ್ದೇಶಕರಾದ ನಮ್ಮನ್ನೂ ಕೇಳಿರಿ; ನಮಗೆ ಬೇಸರವಿಲ್ಲ. ಕೇಳುವ ಸದಸ್ಯರೇ ಸಂಘಕ್ಕೆ ಬಲ.