ಸ್ಪಿನ್ ಸುಳಿಗಳ ನಡುವೆ ಎಲೆಕ್ಟ್ರಾನಿನ ದಾರಿ

ಕಬ್ಬಿಣದಂಥ ಸಾಮಾನ್ಯ ಅಯಸ್ಕಾಂತದಲ್ಲಿ ನೆರೆಹೊರೆಯ ಪರಮಾಣುಗಳ ಸ್ಪಿನ್‌ಗಳು ಒಂದೇ ಕಡೆಗೆ ಮುಖ ಮಾಡಿರುತ್ತವೆ. ಹರಳಿನ ರಚನೆಗೆ ಎಡ-ಬಲದ ಭೇದವಿದ್ದರೆ ಇನ್ನೊಂದು ಅಂತರಕ್ರಿಯೆ ಸೇರಿಕೊಂಡು ಪಕ್ಕದ ಸ್ಪಿನ್‌ಗಳನ್ನು ತುಸು ಓರೆಯಾಗಿಸುತ್ತದೆ. 1958ರಲ್ಲಿ ಜ್ಯಾಲೊಶಿನ್ಸ್ಕಿ, 1960ರಲ್ಲಿ ಮೊರಿಯಾ ಇದನ್ನು ವಿವರಿಸಿದರು. ಓರೆ ಕೂಡುತ್ತ ಹೋಗಿ ಸುರುಳಿಯಾಗುತ್ತದೆ; ತಕ್ಕಷ್ಟು ಕಾಂತಕ್ಷೇತ್ರ ಕೊಟ್ಟರೆ ಸುರುಳಿಯ ಜಾಗದಲ್ಲಿ ಸುಳಿಗಳು ಮೂಡುತ್ತವೆ. ಸುಳಿಯ ಕೇಂದ್ರದ ಸ್ಪಿನ್ ಕೆಳಮುಖ, ಅಂಚಿನದು ಮೇಲ್ಮುಖ. ಉಳಿದವು ಬೇರೆಲ್ಲ ದಿಕ್ಕುಗಳನ್ನೂ ಒಂದು ಸುತ್ತು ಮುಟ್ಟುತ್ತವೆ. ಇದೇ ಸ್ಕಿರ್ಮಿಯಾನ್. ಎರಡೂ ತುದಿ ಬಿಗಿಹಿಡಿದ ದಾರದ ಗಂಟಿನಂತೆ, ಸ್ಪಿನ್‌ಗಳನ್ನು ಸ್ವಲ್ಪಸ್ವಲ್ಪವೇ ತಿರುಗಿಸಿ ಇದನ್ನು ಅಳಿಸಲಾಗದು. ಟೊಪಾಲಜಿ ಕೊಡುವ ರಕ್ಷಣೆ ಇಷ್ಟೇ. ಪರಮಾಣುಗಳು ಬಿಡಿಬಿಡಿಯಾಗಿರುವುದರಿಂದ ಅದು ಪೂರ್ಣ ರಕ್ಷಣೆಯೂ ಅಲ್ಲ.

ಇಂಥ ಸುಳಿಯನ್ನು ಹಾಯುವ ಎಲೆಕ್ಟ್ರಾನಿನ ಸ್ಪಿನ್ ಹೆಜ್ಜೆಹೆಜ್ಜೆಗೂ ಸ್ಥಳೀಯ ಸ್ಪಿನ್‌ನತ್ತ ತಿರುಗುತ್ತ ಸಾಗುತ್ತದೆ. ಹಾಗೆ ತಿರುಗಿದ್ದರ ಗುರುತಾಗಿ ಅದರ ಅಲೆಗೆ ಒಂದು ಜ್ಯಾಮಿತೀಯ ಹಂತ ಅಂಟಿಕೊಳ್ಳುತ್ತದೆ. ಮೈಕೇಲ್ ಬೆರ್ರಿ 1984ರಲ್ಲಿ ಈ ಹಂತಕ್ಕೆ ಸಾಮಾನ್ಯ ರೂಪ ಕೊಟ್ಟರು. ಧ್ರುವೀಕೃತ ಬೆಳಕಿನಲ್ಲಿ ಅದನ್ನು 1956ರಲ್ಲೇ ಗುರುತಿಸಿದ್ದವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಪಂಚರತ್ನಂ. ನಿಜವಾದ ಕಾಂತಕ್ಷೇತ್ರ ಎಲೆಕ್ಟ್ರಾನಿಗೆ ಕೊಡುವ ಹಂತಕ್ಕೂ ಇದಕ್ಕೂ ಗಣಿತದಲ್ಲಿ ಭೇದವಿಲ್ಲ. ಆದ್ದರಿಂದ ಎಲೆಕ್ಟ್ರಾನು ಪಕ್ಕಕ್ಕೆ ಬಾಗುತ್ತದೆ, ಪ್ರವಾಹಕ್ಕೆ ಅಡ್ಡಲಾಗಿ ವೋಲ್ಟೇಜ್ ಹುಟ್ಟುತ್ತದೆ. ಇದು ಟೊಪಾಲಜೀಯ ಹಾಲ್ ಪರಿಣಾಮ.

ಒಂದೊಂದು ಸುಳಿಯ ಪಾಲಿಗೂ ಬರುವುದು ಒಂದೇ ಒಂದು ಕ್ವಾಂಟಮ್ ಕಾಂತಪ್ರವಾಹ. ಹೀಗಾಗಿ ಸುಳಿ ಚಿಕ್ಕದಾದಷ್ಟೂ ಕ್ಷೇತ್ರ ದೊಡ್ಡದು. ಮ್ಯಾಂಗನೀಸ್ ಸಿಲಿಸೈಡಿನಲ್ಲಿ ಸುರುಳಿಯ ಅಳತೆ ಸುಮಾರು 18 ನ್ಯಾನೊಮೀಟರ್. ಹೊರಗಿನಿಂದ ಕೊಡುವ ಕ್ಷೇತ್ರ ಸುಮಾರು 0.2 ಟೆಸ್ಲಾ. ಎಲೆಕ್ಟ್ರಾನಿಗೆ ತಗಲುವುದಾದರೋ ಲೆಕ್ಕದ ಪ್ರಕಾರ ಸುಮಾರು 13 ಟೆಸ್ಲಾ! ಆದರೂ ಅಳೆದ ಸಂಕೇತ ಸಣ್ಣದು. ಮೇಲ್ಮುಖ, ಕೆಳಮುಖ ಸ್ಪಿನ್‌ನ ಎಲೆಕ್ಟ್ರಾನುಗಳು ವಿರುದ್ಧ ದಿಕ್ಕಿಗೆ ಬಾಗುವುದರಿಂದ ಅವುಗಳ ಸಂಖ್ಯೆಯ ವ್ಯತ್ಯಾಸವಷ್ಟೇ ಮೀಟರಿಗೆ ಸಿಗುತ್ತದೆ.

2009ರಲ್ಲಿ ಮ್ಯೂನಿಕ್ ಬಳಿಯ ಸಂಶೋಧನಾ ರಿಯಾಕ್ಟರಿನ ನ್ಯೂಟ್ರಾನುಗಳು ಈ ವಸ್ತುವಿನಲ್ಲಿ, 29 ಕೆಲ್ವಿನ್‌ಗಿಂತ ತುಸು ಕೆಳಗೆ, ಸುಳಿಗಳ ಜಾಲದ ಗುರುತಾದ ಆರು ಚುಕ್ಕೆಗಳ ವಿನ್ಯಾಸ ತೋರಿದವು. ಅದೇ ವರ್ಷ ಅದೇ ಕಿರಿದಾದ ಉಷ್ಣತಾ ವಲಯದಲ್ಲಿ ಹೆಚ್ಚುವರಿ ಹಾಲ್ ವೋಲ್ಟೇಜ್ ಸಿಕ್ಕಿತು. ಮರುವರ್ಷ ಜಪಾನಿನ ಟೊಕುರಾ ತಂಡ ಕಬ್ಬಿಣ-ಕೋಬಾಲ್ಟ್ ಸಿಲಿಸೈಡಿನ ತೆಳು ಹಾಳೆಯಲ್ಲಿ ಸುಳಿಗಳನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಿಗೇ ಕಾಣಿಸಿತು.

ಈ ಸಮ್ಮೇಳನದ ಮುಂದೆ ಒತ್ತಿ ಹೇಳಬೇಕಾದ ಮಾತು ಅಳತೆಯದು. ಅಳೆದ ಹಾಲ್ ವೋಲ್ಟೇಜಿನಿಂದ, ಎಡ್ವಿನ್ ಹಾಲ್ 1879ರಲ್ಲಿ ಕಂಡ ಸಾಮಾನ್ಯ ಭಾಗವನ್ನೂ ಕಾಂತತ್ವಕ್ಕೆ ಸೇರಿದ ಅಸಂಗತ ಭಾಗವನ್ನೂ ಕಳೆದ ಮೇಲೆ ಉಳಿಯುವ ಶೇಷವೇ ಟೊಪಾಲಜೀಯ ಭಾಗ; ಅಳತೆಯ ರೇಖೆಯಲ್ಲಿ ಅದು ಒಂದು ಉಬ್ಬಾಗಿ ಕಾಣುತ್ತದೆ. ಕಳೆಯುವ ಲೆಕ್ಕ ತಪ್ಪಿದರೆ ಶೇಷವೂ ತಪ್ಪು. ಸ್ಟ್ರಾನ್ಷಿಯಂ ರುಥೆನೇಟ್ ಪದರಗಳಲ್ಲಿ, ಅಸಂಗತ ಪರಿಣಾಮದ ಚಿಹ್ನೆ ಬೇರೆಬೇರೆಯಾದ ಎರಡು ಪ್ರದೇಶಗಳು ಕೂಡಿದರೂ ಅಂಥದೇ ಉಬ್ಬು ಬರುತ್ತದೆಂಬ ವಾದ ಇನ್ನೂ ತಣ್ಣಗಾಗಿಲ್ಲ. ಚಿತ್ರ ಅಥವಾ ನ್ಯೂಟ್ರಾನ್ ಸಾಕ್ಷ್ಯವಿಲ್ಲದೆ, ಬರೀ ಉಬ್ಬು ನೋಡಿ ಸ್ಕಿರ್ಮಿಯಾನ್ ಎಂದು ಘೋಷಿಸುವುದು ಸಲ್ಲದು.

ಬಾಗಿದ ಎಲೆಕ್ಟ್ರಾನು ಸುಳಿಯನ್ನೂ ತಳ್ಳುತ್ತದೆ. ಮ್ಯಾಂಗನೀಸ್ ಸಿಲಿಸೈಡಿನಲ್ಲಿ ಚದರ ಮೀಟರಿಗೆ ಸುಮಾರು 10 ಲಕ್ಷ ಆಂಪಿಯರ್ ಸಾಂದ್ರತೆಯ ಪ್ರವಾಹಕ್ಕೇ ಸುಳಿಗಳ ಜಾಲ ಕದಲುತ್ತದೆಂದು 2010ರಲ್ಲಿ ತಿಳಿಯಿತು. ಸಾಮಾನ್ಯ ಕಾಂತವಲಯಗಳ ಗಡಿ ಸರಿಸಲು ಬೇಕಾಗುವುದು ಇದರ ಲಕ್ಷಪಟ್ಟು. ಸುಳಿಗಳು ಚಲಿಸತೊಡಗಿದರೆ ಫ್ಯಾರಡೆ ನಿಯಮದಂತೆ ವಿದ್ಯುತ್‌ಕ್ಷೇತ್ರವೂ ಹುಟ್ಟಿ ಹಾಲ್ ಸಂಕೇತ ಇಳಿಯುತ್ತದೆ. 2012ರ ಪ್ರಯೋಗ ಅದನ್ನು ಅಳೆಯಿತು. ಸುಳಿ ನೇರ ಸಾಗದೆ ಓರೆಯಾಗಿ ಜಾರುವುದನ್ನು 2017ರಲ್ಲಿ ಚಿತ್ರಗಳು ತೋರಿದವು. ಸುಳಿಗಳಲ್ಲೇ ಮಾಹಿತಿ ಸಂಗ್ರಹಿಸುವ ಕಿರುಪಟ್ಟಿಯಲ್ಲಿ ಹೀಗೆ ಜಾರಿದ ಸುಳಿ ಅಂಚಿಗೆ ಬಡಿದು ಅಳಿಯಬಹುದು. ವಿರುದ್ಧ ಸ್ಪಿನ್‌ನ ಎರಡು ಸುಳಿಗಳನ್ನು ಜೋಡಿಸಿದರೆ ಜಾರುವಿಕೆ ವಜಾ ಆಗುತ್ತದೆ, ಆದರೆ ಅವುಗಳನ್ನು ಓದಲು ಬೇಕಾದ ಹಾಲ್ ವೋಲ್ಟೇಜೂ ಜೊತೆಗೇ ವಜಾ ಆಗುತ್ತದೆ. ಆಗ ಉಳಿಯುವುದು ಅಡ್ಡ ಹರಿಯುವ ಸ್ಪಿನ್ ಪ್ರವಾಹ ಎಂಬುದು ಸಿದ್ಧಾಂತದ ಲೆಕ್ಕ.